ಬುಟ್ಟಿಯಲ್ಲಿ ನೀರಿದೆಯೇ ಎಂದು ಕೇಳಿದವರಿಗೆ

ತೀರ್ಥರೂಪ ಅಪ್ಪನಿಗೆ,

ನಾಲ್ಕು ಗಂಟೆ ಹತ್ತು ನಿಮಿಷ. ಅಡುಗೆಮನೆಯಲ್ಲಿ ಸ್ಟೀಲಿನ ಮುಚ್ಚಳವೊಂದು ಬಿದ್ದು, ನೆಲದ ಮೇಲೆ ಗರಗರ ತಿರುಗಿ ನಿಂತ ಸದ್ದಿಗೆ ಎಚ್ಚರವಾಯಿತು. ಬೆಕ್ಕು ಇರಬೇಕು. ಇವರು ಧಡಕ್ಕನೆ ಎದ್ದು ಕೂತು “ಏನಾತು?” ಎಂದರು, ಉತ್ತರಕ್ಕೂ ಕಾಯದೆ ಮತ್ತೆ ಮಲಗಿದರು. ಓಣಿಯ ನಾಯಿ ಎರಡು ಸಲ ಬೊಗಳಿತು. ನಮ್ಮಿಬ್ಬರ ನಡುವೆ ಮಲಗಿದ್ದ ನಿಮ್ಮ ಮೊಮ್ಮಗಳು ತುಂಗಾ ಮಾತ್ರ ರೆಪ್ಪೆ ಕೂಡ ಅಲ್ಲಾಡಿಸಲಿಲ್ಲ.

ಕ್ಷೇಮ ಎಂದು ಬರೆಯಬೇಕಾದ ಜಾಗದಲ್ಲಿ ಇದನ್ನು ಬರೆಯುತ್ತಿದ್ದೇನೆ, ಅಪ್ಪಾ. ಇವತ್ತು ಹತ್ತು ಗಂಟೆಗೆ ಅವಳ ಕಿವಿಯ ಪರೀಕ್ಷೆ. ಹನ್ನೊಂದು ತಿಂಗಳ ಕೂಸಿಗೆ ಕೇಳಿಸುತ್ತದೆಯೋ ಇಲ್ಲವೋ ಎಂದು ತಲೆಗೆ ತಂತಿ ಅಂಟಿಸಿ ನೋಡುತ್ತಾರಂತೆ. ಆಗ ಅವಳು ಗಾಢವಾಗಿ ನಿದ್ದೆಯಲ್ಲಿರಬೇಕು. ಅದಕ್ಕೇ ಬೆಳಿಗ್ಗೆ ಐದೂವರೆಗೆಲ್ಲ ಎಬ್ಬಿಸಿ, ಮತ್ತೆ ಮಲಗಲು ಬಿಡದೆ ಕರೆದುಕೊಂಡು ಬನ್ನಿ ಎಂದಿದ್ದಾರೆ. ಇನ್ನು ಒಂದು ತಾಸು ಚಿಲ್ಲರೆ ಉಳಿದಿದೆ. ಅಷ್ಟರೊಳಗೆ ನಿಮಗೆ ಹೇಳುವುದನ್ನೆಲ್ಲ ಹೇಳಿಬಿಡಬೇಕು.

ಹೆರಿಗೆಗೆಂದು ತವರಿಗೆ, ಮಾನವಿಗೆ ಬಂದಾಗಿನ ಒಂದು ಮಧ್ಯಾಹ್ನ ನಿಮಗೆ ನೆನಪಿದೆಯೇ? ಹಾಸಿಗೆಯಿಂದ ಏಳಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಹೊತ್ತು ಹೋಗದೆ ಮೊಬೈಲಿನಲ್ಲಿ ಒಂದು ಆಟ ಹಾಕಿಕೊಂಡಿದ್ದೆ. ಓಡುವುದು, ಹೊಡೆಯುವುದು ಏನೂ ಇಲ್ಲದ ಸಮಾಧಾನದ ಆಟ. ಒಂದು ಸಣ್ಣ ಊರು, ನಾಲ್ಕು ಮನೆ, ಒಂದು ಹೊಳೆ. ಗಿಡ ನೆಡಬಹುದು, ಗೋಡೆಗೆ ಬಣ್ಣ ಬಳಿಯಬಹುದು, ದಂಡೆಯ ಮೇಲೆ ಕೂತು ಗಾಳ ಹಾಕಬಹುದು. ನೀವು ಮಜ್ಜಿಗೆಯ ಲೋಟ ಹಿಡಿದು ಬಂದವರು ನನ್ನ ತಲೆಯ ಹಿಂದೆಯೇ ನಿಂತುಬಿಟ್ಟಿರಿ.

“ಏನದು, ನೀರಾಗ ಕರ್ರಗ ಹರದಾಡಾಕತ್ತದ?”

“ಮೀನಿನ ನೆರಳಪ್ಪಾ.”

“ಅಯ್ಯ ಹುಚ್ಚಿ, ಬಸುರಿ ಹೆಣ್ಣಮಗಳು ಮೀನ ಕೊಲ್ಲಾಕತ್ತಿಯಲ್ಲ!”

“ಕೊಲ್ಲಂಗಿಲ್ಲಪ್ಪಾ. ಹಿಡದು ಮತ್ತ ನೀರಿಗೆ ಬಿಡಬಹುದು.”

“ಬಿಡಬಹುದಾ? ಹಂಗಿದ್ರ ತಾ ಇಲ್ಲೆ, ನೋಡೂಣು.”

ಲೋಟ ಕಿಟಕಿಯಲ್ಲಿ ಉಳಿಯಿತು. ಮೊಬೈಲು ಸಂಜೆಯವರೆಗೆ ನನಗೆ ಸಿಗಲಿಲ್ಲ. ಅಮ್ಮ ದೇವರ ಮನೆಯಿಂದಲೇ ಕೂಗಿದಳು: “ಮಾಸ್ತರು ಮುಪ್ಪಿನ್ಯಾಗ ಗಾಳ ಹಿಡದ್ರು ನೋಡ್ರಿ! ಸಂಧ್ಯಾವಂದನಿ ಹೊಳೀ ದಂಡಿ ಮ್ಯಾಲೆ ಏನು?”

ದೇವದುರ್ಗದಲ್ಲಿ ನೀವು ಹೈಸ್ಕೂಲಿಗೆ ಗಣಿತ ಹೇಳುತ್ತಿದ್ದ ಕಾಲದಿಂದ ನಿಮಗೂ ಮೀನಿಗೂ ಇದ್ದ ಸಂಬಂಧ ಒಂದೇ, ಚುರುಮುರಿಯದು. ರಜೆಯಲ್ಲಿ ದೇವಸುಗೂರಿಗೆ ಹೋದಾಗ ದೇವರ ದರ್ಶನಕ್ಕಿಂತ ಮೊದಲು ಮೀನಿಗೆ ಚುರುಮುರಿ ಹಾಕಲು ಕೃಷ್ಣೆಯ ಮೆಟ್ಟಿಲಿಗೆ ಕರೆದೊಯ್ಯುತ್ತಿದ್ದಿರಿ. ನಾನು ಚಪ್ಪಲಿ ಟಪಟಪ ಬಡಿಯುತ್ತ ಇಳಿದರೆ ತಡೆಯುತ್ತಿದ್ದಿರಿ. “ಸಾವಕಾಶ, ವಾರೂ. ಅವಕ್ಕ ನಮಗಿಂತ ಚೊಲೋ ಕೇಳಸ್ತದ.” ಮೀನಿಗೆ ಕಿವಿ ಎಲ್ಲಿರುತ್ತದೆ ಎಂದು ನಾನು ಕೇಳಿದ್ದೆ. ನೀವು ಏನು ಹೇಳಿದಿರಿ ಎಂಬುದು ಮರೆತುಹೋಗಿದೆ. ಈಗ ಯಾರನ್ನು ಕೇಳಲಿ?

ಆಟದಲ್ಲಿ ಮೀನಿನ ಸ್ಪರ್ಧೆ ಶುರುವಾದ ಮೊದಲ ಶನಿವಾರವನ್ನು ನೆನೆದರೆ ಈಗಲೂ ನಗು ಬರುತ್ತದೆ. ಆಗ ನಿಮ್ಮ ಮೊಬೈಲಿಗೂ ಆಟ ಹಾಕಿಕೊಟ್ಟಿದ್ದೆ, ನಿಮ್ಮದೇ ಬೇರೆ ಊರು ಎದ್ದಿತ್ತು. ಟೊಪ್ಪಿಗೆ ಹಾಕಿದ ನೀರುನಾಯಿಯೊಂದು ಗಂಟೆ ಬಾರಿಸುತ್ತದೆ, ಮೂರು ನಿಮಿಷದಲ್ಲಿ ಎಷ್ಟು ಮೀನು ಹಿಡಿದಿರಿ ಎಂದು ಎಣಿಸುತ್ತದೆ. ಹತ್ತು ಹಿಡಿದರೆ ಗಾಳದ ದಾರಕ್ಕೆ ಕಟ್ಟುವ ಬಂಗಾರದ ಬೆಂಡು ಬಹುಮಾನ. ನೀವು ಒಂಬತ್ತು ಹಿಡಿದಿರಿ. ಬಂದ ಅಂಕ ಸೊನ್ನೆ!

“ಈ ಗುಮಾಸ್ತಗ ಎಣಿಕಿ ಬರಂಗಿಲ್ಲ. ಒಂಬತ್ತು ಹಿಡದೀನಿ, ಕಣ್ಣಾರೆ.”

“ಬುಟ್ಟ್ಯಾಗ ಒಂದೂ ಇಲ್ಲಲ್ಲಪ್ಪಾ?”

“ಎಲ್ಲಾನೂ ಬಿಟ್ಟುಬಿಟ್ಟೆ. ಬಿಡಬಹುದು ಅಂತ ನೀನ ಹೇಳಿದಿ.”

ಸ್ಪರ್ಧೆ ಮುಗಿಯುವವರೆಗೆ ಮೀನು ಬುಟ್ಟಿಯಲ್ಲೇ ಇರಬೇಕು, ಎಣಿಸಿದ ಮೇಲೆ ಬಿಡಬಹುದು ಎಂದು ಬಿಡಿಸಿ ಹೇಳಿದೆ. ನೀವು ಬಹಳ ಗಂಭೀರವಾಗಿ ಕೇಳಿದಿರಿ. “ಅಲ್ಲೀ ಮಟ ಬುಟ್ಟ್ಯಾಗ ನೀರು ಇರ್ತದೇನು?”

ಅದು ಬರೀ ಬೆತ್ತದ ಬುಟ್ಟಿಯ ಚಿತ್ರ, ಅಪ್ಪಾ. ನಾನು “ಇರ್ತದಪ್ಪಾ, ತುಂಬ ಇರ್ತದ” ಎಂದುಬಿಟ್ಟೆ. ನಿಮಗೆ ಹೇಳಿದ ಮೊದಲ ಸುಳ್ಳು ಅದು. ಆವತ್ತಿನಿಂದ ನೀವು ನಿಶ್ಚಿಂತೆಯಿಂದ ಮೀನು ಇಟ್ಟುಕೊಂಡಿರಿ. ಎಣಿಕೆಯಾದ ತಕ್ಷಣ ಒಂದೊಂದನ್ನೇ ನೀರಿಗೆ ಬಿಡುವಾಗ ತುಟಿ ಅಲ್ಲಾಡಿಸುತ್ತಿದ್ದಿರಿ. ಏನು ಹೇಳುತ್ತಿದ್ದಿರಿ ಅವಕ್ಕೆ?

ನಿಮ್ಮ ಕಣ್ಣಿಗೆ ಪೊರೆ ಬಂದದ್ದು ನಮಗೆ ಗೊತ್ತಾದದ್ದೇ ಈ ಆಟದಿಂದ. ನೆರಳು ಕಾಣದೆ ಗಾಳವನ್ನು ದಂಡೆಯ ಹುಲ್ಲಿಗೆ ಎಸೆಯುತ್ತಿದ್ದಿರಿ. ಆದರೂ ಅಂಕ ಮಾತ್ರ ನನಗಿಂತ ಹೆಚ್ಚು. ಹೇಗೆ ಎಂದರೆ ಕಣ್ಣು ಮುಚ್ಚಿ ತೋರಿಸಿದಿರಿ. ಮೀನು ಮೊದಲು ಗಾಳವನ್ನು ಮೂಸಿದಾಗ ‘ಟುಕ್’ ಎನ್ನುತ್ತದೆ. ಎರಡು ಸಲ, ಕೆಲವೊಮ್ಮೆ ನಾಲ್ಕು ಸಲ. ನಿಜವಾಗಿ ಕಚ್ಚಿದಾಗ ಬೆಂಡು ಮುಳುಗಿ ‘ಗುಳುಂ’. ನಾನು ಮೊದಲ ‘ಟುಕ್’ಗೇ ಎಳೆದು ಮೀನು ಕಳೆದುಕೊಳ್ಳುವವಳು.

“ಟುಕ್ ಅಂದ್ರ ಅದು ಬರೇ ವಿಚಾರಸಾಕತ್ತದ. ಅಷ್ಟಕ್ಕ ಎದಿ ಒಡಕೋತಾರೇನು? ಕಣ್ಣ ಮುಚ್ಚಿ ಕೂಡು. ಗುಳುಂ ಅನ್ನಲಿ, ಆವಾಗ ಎಳಿ.”

ನನ್ನ ಇಡೀ ಸ್ವಭಾವವನ್ನು ನೀವು ಇಷ್ಟರಲ್ಲೇ ಹೇಳಿ ಮುಗಿಸಿದ್ದಿರಿ.

ಬಾಣಂತನ ಮುಗಿಸಿ ನಾನು ರಾಯಚೂರಿಗೆ ಮರಳಿದ ಮೇಲೆ ಶನಿವಾರ ಬೆಳಿಗ್ಗೆ ಪೂಜೆ ಮುಗಿಸಿ ನೀವು ಮಿಸ್ ಕಾಲ್ ಕೊಡುತ್ತಿದ್ದಿರಿ. ಎರಡೇ ರಿಂಗ್, ಕಟ್. ಹಾಗೆಂದರೆ ಸ್ಪರ್ಧೆ ಶುರುವಾಯಿತು, ಬಾ ಎಂದು. ಇವರು ತಮಾಷೆಗೆ ನನ್ನ ಫೋನಿನಲ್ಲಿ ನಿಮ್ಮ ನಂಬರಿಗೆ ಆಟದ ‘ಗುಳುಂ’ ಸದ್ದನ್ನೇ ರಿಂಗ್‌ಟೋನ್ ಮಾಡಿಕೊಟ್ಟಿದ್ದರು. ತುಂಗಿಗೆ ನಾಲ್ಕು ತಿಂಗಳಿದ್ದಾಗ ಒಂದು ದಿನ ಗುಳುಂ ಗುಳುಂ ಎಂದಿತು. ಹಾಲು ಕುಡಿಯುತ್ತಿದ್ದವಳು ಬಾಯಿ ಬಿಟ್ಟು, ಕುತ್ತಿಗೆ ತಿರುಗಿಸಿ ಫೋನಿನ ಕಡೆಗೆ ನೋಡಿದಳು. ಮುಂದಿನ ವಾರವೂ ನೋಡಿದಳು. ನಿಮಗೆ ಹೇಳಿದಾಗ ನೀವು ಎಷ್ಟು ಹೊತ್ತು ನಕ್ಕಿರಿ! “ನನ್ನ ಗಾಳಕ್ಕ ಬಿದ್ದ ಹತ್ತನೇ ಮೀನದು” ಎಂದಿರಿ.

ಐದು ತಿಂಗಳು ತುಂಬಿದ ಮೇಲೆ ಅವಳಿಗೆ ಜ್ವರ ಬಂತು. ಆಸ್ಪತ್ರೆಯಲ್ಲಿ ಎಂಟು ದಿನ. ನೀವು ಬಂದು ಹೊರಗಿನ ಬೆಂಚಿನ ಮೇಲೆ ಕೂತು ಬೆರಳಲ್ಲಿ ಜಪ ಎಣಿಸುತ್ತಿದ್ದುದನ್ನು ಬಾಗಿಲ ಗಾಜಿನಿಂದ ನೋಡಿದ್ದೆ. ಜ್ವರ ಇಳಿಯಿತು, ಮನೆಗೆ ಬಂದೆವು. ಅವಳು ಮೊದಲಿನಂತೆಯೇ ನಗುತ್ತಿದ್ದಳು. ಆದರೆ ಏನೋ ಒಂದು… ಹೆಸರು ಹಿಡಿದು ಕರೆದರೆ ಫ್ಯಾನು ನೋಡುತ್ತಲೇ ಇರುತ್ತಿದ್ದಳು. ಆಟದಲ್ಲಿ ಮುಳುಗಿದ್ದಾಳೆ ಎಂದುಕೊಂಡೆ. ಬರೇ ಟುಕ್ ಇದು, ಎದೆ ಒಡೆದುಕೊಳ್ಳಬಾರದು ಎಂದು ನಿಮ್ಮ ಮಾತನ್ನೇ ನನಗೆ ನಾನು ಹೇಳಿಕೊಂಡೆ.

ಆ ಕೊನೆಯ ಶನಿವಾರ ನಿಮ್ಮ ಮಿಸ್ ಕಾಲ್ ಬೆಳಿಗ್ಗೆ ಬರಲಿಲ್ಲ, ಸಂಜೆ ಬಂತು. ನಾನು ಅಡುಗೆಮನೆಯಲ್ಲಿದ್ದೆ. ಫೋನು ತೊಟ್ಟಿಲ ಪಕ್ಕದಲ್ಲಿತ್ತು. ಓಡಿ ಬರುವಷ್ಟರಲ್ಲಿ ಎರಡು ರಿಂಗೂ ಮುಗಿದಿದ್ದವು. ತುಂಗಿ ಫ್ಯಾನು ನೋಡುತ್ತಿದ್ದಳು. ತಿರುಗಿ ನೋಡಿ ಮತ್ತೆ ಫ್ಯಾನಿನ ಕಡೆ ಹೊರಳಿದ್ದಳೋ, ಇಲ್ಲ ತಿರುಗಿಯೇ ಇರಲಿಲ್ಲವೋ?

ನಾನು ತಿರುಗಿ ಫೋನ್ ಮಾಡಿದೆ. “ಮುಂಜಾನಿ ಯಾಕ ಬರಲಿಲ್ಲಪ್ಪಾ ಸ್ಪರ್ಧಾಕ್ಕ?”

“ಇವತ್ತು ಏಕಾದಶಿ ಅಲ್ಲೇನ? ಉಪವಾಸದ ದಿನ ಮೀನಿನ ಸುದ್ದಿ ಬ್ಯಾಡ. ಮುಂದಿನ ಶನಿವಾರ ಹತ್ತು ಹಿಡೀದಿದ್ರ ಕೇಳು. ಅದಿರ್ಲಿ, ಕೂಸು ನನ್ನ ರಿಂಗಿಗೆ ತಿರುಗಿತಾ?”

“ತಿರುಗಿದಳಪ್ಪಾ. ನಕ್ಕಳು ಸಹಿತ.”

ಎರಡನೆಯ ಸುಳ್ಳು ಅದು. ಎದೆನೋವು ಬಂದು ನೀವು ನಮ್ಮನ್ನು ಬಿಟ್ಟು ಹೋದದ್ದು ಬುಧವಾರ. ಹತ್ತು ಹಿಡಿಯುವ ಶನಿವಾರ ಬರಲೇ ಇಲ್ಲ. ಆವತ್ತು ನಿಜ ಹೇಳಿದ್ದರೆ ನೀವು ಮರುದಿನವೇ ಮೊದಲ ಬಸ್ಸಿಗೆ ಬಂದು ನಮ್ಮನ್ನು ಡಾಕ್ಟರ ಹತ್ತಿರ ಎಬ್ಬಿಸಿಕೊಂಡು ಹೋಗುತ್ತಿದ್ದಿರಿ. ಈ ಐದು ತಿಂಗಳು ಹೀಗೆ ಹೋಗುತ್ತಿರಲಿಲ್ಲ. ನೀವು ಹೋದ ದುಃಖವನ್ನು ಮುಂದೆ ಮಾಡಿಕೊಂಡು ನಾನು ಅವಳನ್ನು ನೋಡದೆ ಉಳಿದೆ, ಅಪ್ಪಾ. ಇವರೂ “ನಮ್ಮಣ್ಣನ ಮಗಾ ಎರಡು ವರ್ಷಕ್ಕ ಮಾತಾಡಿದ” ಎನ್ನುತ್ತಿದ್ದರು. ನನಗೂ ಅದೇ ಬೇಕಾಗಿತ್ತು.

ಕೆಳಗಿನ ಮನೆಯ ಶಾಹೀನ್ ಆಪಾ ಇಲ್ಲದಿದ್ದರೆ ಇನ್ನೂ ಹಾಗೆಯೇ ಇರುತ್ತಿದ್ದೆ. ಹದಿನೈದು ದಿನದ ಹಿಂದೆ ಅವರ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಾಗ ಕುಕ್ಕರ್ ಒಮ್ಮೆಲೇ ಸೀಟಿ ಹೊಡೆಯಿತು. ಅವರ ಮೊಮ್ಮಗ ಬೆಚ್ಚಿ ಅತ್ತ. ತುಂಗಿ ಅಳುವ ಅವನ ಬಾಯನ್ನೇ ನೋಡುತ್ತ ಕೂತಳು. ಆಪಾ ಒಲೆ ಆರಿಸಿ ಬಂದು ನನ್ನ ಮೊಣಕೈ ಹಿಡಿದರು. “ಬುರಾ ನಕ್ಕೋ ಮಾನ್, ಬ್ಯಾಸರ ಮಾಡ್ಕೋಬ್ಯಾಡ ವಾರುಣಿ. ಕೂಸು ಮಾತು ಕೇಳಂಗಿಲ್ಲ, ಮಾರಿ ನೋಡ್ತದ. ನೀ ಕರದಾಗೆಲ್ಲ ನಿನ್ನ ಮಾರಿ ನೋಡ್ತದ, ಅಷ್ಟ. ಒಮ್ಮೆ ಡಾಕ್ಟರಿಗೆ ತೋರಸವಾ.”

ಗುಳುಂ ಎಂದಿತು, ಅಪ್ಪಾ.

ಈಗ ನೀವು ಕೇಳದೆ ಹೋದ ಸುದ್ದಿ ಹೇಳುತ್ತೇನೆ. ಕಳೆದ ಶನಿವಾರ ನಾನು ಹತ್ತು ಹಿಡಿದೆ. ಪರೀಕ್ಷೆಯ ದಿನ ಗೊತ್ತಾಗಿತ್ತು. ಸುಮ್ಮನೆ ಕೂರಲಾಗದೆ, ಐದು ತಿಂಗಳಿಂದ ತೆರೆಯದ ಆಟವನ್ನು ತೆರೆದೆ. ತುಂಗಿ ತೊಡೆಯ ಮೇಲೆ ಬೇರೆ ಕಡೆ ಮುಖ ಮಾಡಿ ಕೂತಿದ್ದಳು. ಸದ್ದನ್ನು ಪೂರ್ತಿ ಏರಿಸಿ, ನೀವು ಹೇಳಿದ ಹಾಗೆ ಕಣ್ಣು ಮುಚ್ಚಿದೆ. ಟುಕ್‌ಗೆ ಎಳೆಯಲಿಲ್ಲ. ಒಮ್ಮೆಯೂ ಎಳೆಯಲಿಲ್ಲ. ಗುಳುಂ ಎಂದಾಗಷ್ಟೇ ಎಳೆದೆ, ಹತ್ತು ಸಲ. ಗಂಟೆ ಬಾರಿಸಿದ ಮೇಲೆ ಕಣ್ಣು ತೆರೆದರೆ ಬಂಗಾರದ ಬೆಂಡು ಹೊಳೆಯುತ್ತಿತ್ತು. ತುಂಗಿ ಫೋನಿನ ಕಡೆಗೆ ಪೂರ್ತಿ ಹೊರಳಿ, ಕೈ ಚಾಚಿ ನಗುತ್ತಿದ್ದಳು.

ಹೊಳಪಿಗೆ ತಿರುಗಿದಳೋ, ಸದ್ದಿಗೆ ತಿರುಗಿದಳೋ? ಯಾವಾಗ ತಿರುಗಿದಳು, ಮೊದಲ ಗುಳುಂಗೋ, ಕೊನೆಯ ಬೆಳಕಿಗೋ? ನೋಡಬೇಕಾದ ಆ ಮೂರು ನಿಮಿಷ ಗೆಲ್ಲುವುದಕ್ಕಾಗಿ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಎಂಥ ತಾಯಿ ನಾನು! ಹತ್ತೂ ಮೀನನ್ನು ಒಂದೊಂದಾಗಿ ನೀರಿಗೆ ಬಿಟ್ಟೆ. ತುಟಿ ಅಲ್ಲಾಡಿತು, ಹೇಳಲು ಏನೂ ಹೊಳೆಯಲಿಲ್ಲ.

ಇನ್ನೊಮ್ಮೆ ಆ ಸದ್ದು ಹಚ್ಚಿ ನೋಡಬಹುದಲ್ಲ ಎನ್ನುತ್ತೀರಿ. ನೋಡಿದೆ. ಬೆರಳು ಫೋನಿನ ಹತ್ತಿರ ಹೋಗುವ ಮೊದಲೇ ಅವಳು ನನ್ನ ಮುಖ ನೋಡುತ್ತಾಳೆ. ಇವರಿಂದ ಆಚೆಯ ಕೋಣೆಯಲ್ಲಿ ಮಾಡಿಸಿದರೂ ನನಗೆ ಗೊತ್ತಿರುತ್ತದಲ್ಲ. ನನಗೆ ಗೊತ್ತಿರುವುದೆಲ್ಲ ನನ್ನ ಮುಖಕ್ಕೆ ಬರುತ್ತದೆ, ಅವಳು ಅದನ್ನು ಓದಿಬಿಡುತ್ತಾಳೆ. ನನಗೆ ಗೊತ್ತಿಲ್ಲದೆ, ತಾನಾಗಿಯೇ ಬರುವ ಸದ್ದು ಬೇಕು. ಅಂಥದ್ದು ಒಂದೇ ಇತ್ತು, ನಿಮ್ಮ ಮಿಸ್ ಕಾಲ್. ನಿಮ್ಮ ಫೋನು ಈಗ ಮಾನವಿಯಲ್ಲಿ, ಅಮ್ಮನ ಅಲಮಾರಿಯಲ್ಲಿ, ನಿಮ್ಮ ಶಲ್ಯದ ಕೆಳಗೆ ಬಂದ್ ಆಗಿ ಬಿದ್ದಿದೆ.

ಹತ್ತು ಗಂಟೆಗೆ ಅವರು ಏನು ಹೇಳಿದರೂ ನಿಮಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಬುಟ್ಟಿಯಲ್ಲಿ ನೀರು ಇರಲಿಲ್ಲ, ಅಪ್ಪಾ. ತಿರುಗಿದ್ದನ್ನು ನಾನು ನೋಡಿರಲಿಲ್ಲ. ಇನ್ನು ಮೇಲೆ ಸುಳ್ಳು ಹೇಳುವುದಿಲ್ಲ.

ಐದು ಗಂಟೆ ಆಗುತ್ತ ಬಂತು. ಫೋನನ್ನು ಅವಳ ದಿಂಬಿನ ಪಕ್ಕ ಇಟ್ಟಿದ್ದೇನೆ, ಸದ್ದು ಪೂರ್ತಿ ಏರಿಸಿ. ಮುಚ್ಚಳದ ಸದ್ದು ಅವಳಿಗೆ ಪರಿಚಯದ್ದಲ್ಲ. ನಿಮ್ಮದು ಪರಿಚಯದ್ದು. ಐದೂವರೆಗೆ ನಾನು ಕೈಯಿಂದ ಮುಟ್ಟಿ ಎಬ್ಬಿಸುವ ಮೊದಲು ನೀವು ಎಬ್ಬಿಸಿ. ಏಕಾದಶಿ ಇದ್ದರೂ ಇವತ್ತೊಂದು ದಿನ ನಡೆಯುತ್ತದೆ. ಮಾತಾಡುವುದು ಬೇಡ, ನಾನು ಎತ್ತುವುದೂ ಇಲ್ಲ. ಮಿಸ್ ಕಾಲ್ ಸಾಕು, ಎರಡೇ ರಿಂಗ್. ಈ ಸಲ ಕಣ್ಣು ಮುಚ್ಚುವುದಿಲ್ಲ, ಅವಳನ್ನೇ ನೋಡುತ್ತ ಕೂತಿರುತ್ತೇನೆ. ಬೆಳಗಾಗುವುದರೊಳಗೆ ಒಮ್ಮೆ ಫೋನ್ ಮಾಡಿ, ಅಪ್ಪಾ. ಒಂದೇ ಒಂದು ಸಲ…

ವಾರೂ