ಮುರಿದ ಪೆನ್ಸಿಲ್

ಅಕ್ಕಾ,

ಹೊಸ ಊರಿಗೆ ಹೊಂದಿಕೊಂಡೆ. ಇಲ್ಲಿನ ಶಾಲೆಯ ಒಂದನೇ ತರಗತಿಯಲ್ಲಿ ಸಂಬಳವಿಲ್ಲದ ಸಹಾಯಕಿ ನಾನು. ಬಹುಪಾಲು ಪೆನ್ಸಿಲ್ ಹೆರೆದುಕೊಡುವ ಕೆಲಸ. ಶಾಲೆಗೆ ಸೇರಿದಾಗಿನಿಂದ ಯಾರೊಡನೆಯೂ ತುಟಿ ಬಿಚ್ಚದ ಹುಡುಗಿಯೊಬ್ಬಳು ಗಳಿಗೆಗೊಮ್ಮೆ ಮುರಿದ ಪೆನ್ಸಿಲ್ ಹಿಡಿದು ಬಂದು ನನಗೆ ಒರಗಿ ನಿಲ್ಲುತ್ತಾಳೆ.

"ಬೇಕಂತಲೇ ಮುರೀತಾಳೆ ಮೇಡಂ, ಸಲಿಗೆ ಕೊಡ್ಬೇಡಿ" ಎಂದರು ಟೀಚರ್.

ಅದಕ್ಕೆ ಇವತ್ತು, ಹೆರೆದ ಎರಡು ಪೆನ್ಸಿಲ್‌ಗಳನ್ನು ಮೊದಲೇ ಅವಳ ಕೈಗಿಟ್ಟೆ. ಎರಡನ್ನೂ ನನ್ನೆದುರೇ ಮೇಜಿಗೊತ್ತಿ ಮುರಿದಳು. "ನಿಧಾನಕ್ಕೆ ಮಾಡಜ್ಜಿ" ಎಂದಳು. ಗದರಲು ಬಂದ ಟೀಚರ್ ಅಲ್ಲೇ ನಿಂತುಬಿಟ್ಟರು.

ಐವತ್ತಾಗುವ ಮೊದಲೇ ಅಜ್ಜಿಯಾದೆನೆಂದು ನಗಬೇಡ. ಪುಟ್ಟ ಕುರ್ಚಿಯಲ್ಲಿ ಕೂತು ಮಂಡಿ ಹಿಡಿದುಕೊಂಡಿದೆ. ದಿನಾ ರಾತ್ರಿ ನೀನು ಕೊಟ್ಟ ಎಣ್ಣೆ ಹಚ್ಚುತ್ತಿದ್ದೇನೆ. ಇದನ್ನು ತರಗತಿಯಲ್ಲೇ ಕೂತು ಬರೆಯುತ್ತಿದ್ದೇನೆ. ಅಗೋ, ಪೆನ್ಸಿಲ್ ಹಿಡಿದು ಮತ್ತೆ ಬಂದಳು. ಇಷ್ಟಕ್ಕೇ ನಿಲ್ಲಿಸುತ್ತೇನೆ.

ನಿನ್ನ ತಂಗಿ