ಮೂರು ಬೆರಳಗಲದ ನೀರು

ನೌಕಾ ವಸ್ತುಸಂಗ್ರಹಾಲಯದ ನಿರ್ದೇಶಕರ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನನ್ನ ಅಪ್ಪ ಬರೆದ ಚಿತ್ರದಿಂದ ಮೂರು ಬೆರಳಗಲದ ನೀರನ್ನು ನಿಮ್ಮವರು ಒರೆಸಿ ಹಾಕಿದ್ದಾರೆ. ಅದರ ಜೊತೆಗೆ ಹತ್ತೊಂಬತ್ತು ಜನರ ಸಾವಿನ ಕಾರಣವೂ ಒರೆಸಿಹೋಗಿದೆ. ಇದಕ್ಕೆ ನೀವು ಇಟ್ಟಿರುವ ಹೆಸರು ಸಂರಕ್ಷಣೆ. ಸಂರಕ್ಷಣೆಯೇ ಹೀಗಿದ್ದರೆ ನಿಮ್ಮಲ್ಲಿ ನಾಶ ಎಂದು ಯಾವುದಕ್ಕೆ ಅನ್ನುತ್ತೀರಿ?

ಅಪ್ಪ ಬಂದರಿನ ದುರಸ್ತಿ ಕಟ್ಟೆಯಲ್ಲಿ ಹಡಗುಗಳಿಗೆ ಬಣ್ಣ ಬಳಿಯುತ್ತಿದ್ದರು. ಬಿಡುವಾದಾಗ ಅವೇ ಹಡಗುಗಳ ಚಿತ್ರ ಬರೆಯುತ್ತಿದ್ದರು. ಅದಕ್ಕೆ ಅವರದೇ ಒಂದು ಪದ್ಧತಿ ಇತ್ತು. ಹಡಗು ನೀರಿನಿಂದ ಮೇಲೆದ್ದು ಕಟ್ಟೆಯಲ್ಲಿ ಕುಳಿತಿರುವಾಗ ಅದನ್ನು ತಳದವರೆಗೂ ಪೂರ್ತಿ ಬರೆದು ಒಣಗಲು ಬಿಡುವುದು. ಸರಕು ತುಂಬಿ ಹೊರಡುವ ದಿನ ಹಡಗು ಕಟ್ಟುವ ಧಕ್ಕೆಯ ಮೇಲೆ ನಿಂತು, ನೀರು ಎಲ್ಲಿಯವರೆಗೆ ಬಂದಿದೆಯೆಂದು ನೋಡಿ, ಒಣಗಿದ ಹಡಗಿನ ಮೇಲೆ ಅಷ್ಟೇ ಎತ್ತರಕ್ಕೆ ನೀರು ಬಳಿಯುವುದು. ಮುಚ್ಚಿಹೋಗುವ ತಳಕ್ಕೆ ಯಾಕಪ್ಪಾ ಬಣ್ಣ ದಂಡ ಮಾಡುತ್ತೀಯ ಎಂದು ಜೊತೆಯವರು ರೇಗಿಸುತ್ತಿದ್ದರು. "ಹಡಗು ನಮ್ಮ ಕೈಲಿರುತ್ತೆ, ನೀರು ನಮ್ಮ ಕೈಲಿಲ್ಲ. ಕಂಡಷ್ಟೇ ಬಿಡ್ಬೇಕು," ಎನ್ನುವುದು ಅವರ ಉತ್ತರ.

ನಿಮ್ಮ ಗೋಡೆಯ ಮೇಲಿರುವ ಹಡಗನ್ನು ಬಂದರಿನಲ್ಲಿ ಎಲ್ಲರೂ 'ಮುದುಕಿ' ಎನ್ನುತ್ತಿದ್ದೆವು. ನಲವತ್ತೊಂದು ವರ್ಷಗಳ ಹಿಂದೆ ಅದರ ಮೈಮೇಲೆ ಭಾರದ ಗುರುತನ್ನು ಬಿಳಿ ಬಣ್ಣದಲ್ಲಿ ಬರೆದವಳು, ಅಪ್ಪನ ಜೊತೆ ಅದೇ ಕಟ್ಟೆಯಲ್ಲಿ ಕೆಲಸಕ್ಕಿದ್ದ ನಾನು. ಒಂದು ಸುತ್ತು, ಅದರ ನಡುವೆ ಒಂದು ಗೆರೆ. ಎಷ್ಟೇ ಸರಕು ಹೇರಿದರೂ ಆ ಗೆರೆ ಮುಳುಗಬಾರದು. ಹೊರಟ ಬೆಳಿಗ್ಗೆ ನನ್ನ ಕೈಬರಹ ನೋಡೋಣವೆಂದು ಧಕ್ಕೆಗೆ ಹೋದೆ. ಗುರುತು ಕಾಣಲಿಲ್ಲ. ನೀರು ಅದನ್ನು ನುಂಗಿತ್ತು. ಅಪ್ಪನೂ ನೋಡಿದರು, ಕುಂಚ ತೆಗೆದು ಚಿತ್ರದಲ್ಲಿದ್ದ ಗುರುತಿನ ಮೇಲೆ ಮೂರು ಬೆರಳಗಲ ನೀರು ಬಳಿದರು. ಮುದುಕಿಯ ಚುಕ್ಕಾಣಿ ಹಿಡಿದಿದ್ದವರು ಅಪ್ಪನ ತಮ್ಮ, ನನ್ನ ಚಿಕ್ಕಪ್ಪ. ಮೂರನೆಯ ದಿನ ಅದು ಮುಳುಗಿತು. ಅದರಲ್ಲಿದ್ದ ಹತ್ತೊಂಬತ್ತು ಜನರಲ್ಲಿ ಒಬ್ಬರೂ ಬದುಕಲಿಲ್ಲ.

ವಿಚಾರಣೆ ನಡೆಸಿದ ಮಹನೀಯರು ಕಾರಣ ಹುಡುಕಲು ಹೆಚ್ಚು ಬೆವರು ಸುರಿಸಲಿಲ್ಲ. ಚುಕ್ಕಾಣಿಗನ ಅಜಾಗರೂಕತೆ ಎಂದು ಬರೆದು ಕೈತೊಳೆದುಕೊಂಡರು. ಸತ್ತವನು ಎದ್ದು ಬಂದು ವಾದ ಮಾಡುತ್ತಾನೆಯೇ? ನಾನು ಕಂಡದ್ದನ್ನು ಹೇಳಿದೆ. ನೀನು ಅವನ ಅಣ್ಣನ ಮಗಳು ಎಂದರು. ಅಪ್ಪ ಚಿತ್ರ ಹೊತ್ತುಕೊಂಡು ಹೋದರು. ಚಿತ್ರ ಕಲ್ಪನೆ, ಸಾಕ್ಷಿಯಲ್ಲ ಎಂದು ಬಾಗಿಲಿನಿಂದಲೇ ಕಳಿಸಿದರು. ಅಪ್ಪ ಸಾಯುವ ಮೊದಲು ಅದನ್ನು ನಿಮ್ಮಲ್ಲಿಗೆ ಕಳಿಸಿದ್ದು, ಮನೆಯಲ್ಲಿದ್ದರೆ ಗೆದ್ದಲು ತಿಂದೀತು ಎಂಬ ಭಯದಿಂದ. ಗೆದ್ದಲೇ ವಾಸಿಯಿತ್ತು. ಅದಕ್ಕೆ ಫಲಕ ಬರೆಯಲು ಬರುವುದಿಲ್ಲ.

ಹಡಗಿನ ಬಣ್ಣ ಒಂದು ದಿನದ್ದು, ನೀರಿನ ಬಣ್ಣ ಇನ್ನೊಂದು ದಿನದ್ದು ಎಂಬುದನ್ನು ನಿಮ್ಮ ತಜ್ಞರು ಪತ್ತೆ ಹಚ್ಚಿದರಂತೆ. ಶಹಬ್ಬಾಸ್. ಅಷ್ಟಕ್ಕೇ, ನೀರು ಬಳಿದವರು ಬೇರೆ ಯಾರೋ ಎಂದು ತೀರ್ಮಾನಿಸಿ ಹಡಗಿನ ಮೈಮೇಲಿನ ನೀರನ್ನು ಮೇಲಿನಿಂದ ಒರೆಸುತ್ತಾ ಬಂದರು. ಒಳಗಿಂದ ಗುರುತು ಎದ್ದು ಬಂತು, ಅಲ್ಲಿಗೇ ನಿಲ್ಲಿಸಿದರು. "ಮರೆಯಾಗಿದ್ದ ಸತ್ಯ ಬೆಳಕಿಗೆ" ಎಂದು ಫಲಕ ಹಾಕಿದಿರಿ. ಹಡಗಿನ ಕಂಪನಿಯವರು ತಮ್ಮ ಚರಿತ್ರೆಯ ಪುಸ್ತಕದ ಮುಖಪುಟಕ್ಕೆ ಅದನ್ನೇ ಏರಿಸಿ, ನಿಯಮ ಮೀರದ ಹಡಗಿಗೆ ಇದೇ ಪುರಾವೆ ಎಂದು ಬರೆದುಕೊಂಡರು. ಅಂದು ಕಲ್ಪನೆಯಾಗಿದ್ದದ್ದು, ಕೆಡಿಸಿದ ಕೂಡಲೇ ಪುರಾವೆ ಹೇಗಾಯಿತು ಸ್ವಾಮಿ?

ಇದೊಂದೂ ತಿಳಿಯದೆ ಕಳೆದ ತಿಂಗಳು ಆ ಚಿಕ್ಕಪ್ಪನ ಹೆಂಡತಿಯನ್ನು, ನನ್ನ ಚಿಕ್ಕಮ್ಮನನ್ನು, ಕರೆದುಕೊಂಡು ಬಂದೆ. ಎಂಬತ್ನಾಲ್ಕು ವರ್ಷದಾಕೆ ನಿಮ್ಮ ಮೆಟ್ಟಿಲುಗಳನ್ನು ಕೂತು ಎದ್ದು ಹತ್ತಿದರು. ಚಿತ್ರದ ಹತ್ತಿರ ಹೋಗಿ ನೋಡಿದರು. "ನೀರೆಲ್ಲಿ ಹೋಯ್ತೇ?" ಎಂದರು. ನಾನು ಫಲಕ ಓದಿ ಹೇಳಿದೆ. ಚಿಕ್ಕಮ್ಮ ಗೋಡೆಗೆ ಕೈ ಕೊಟ್ಟು ನಿಂತು, "ತಪ್ಪು ನಮ್ಮನೆಯವರದ್ದೇ ಅಂತ ಕೊನೆಗೆ ನಿಮ್ಮಪ್ಪನ ಕೈಲೇ ಬರೆಸಿಬಿಟ್ರಲ್ಲೇ," ಎಂದರು. ನಲವತ್ತೊಂದು ವರ್ಷ ಅಳದೆ ಉಳಿದಿದ್ದ ಹೆಂಗಸು ಅವರು. ಅಂದು ನಿಮ್ಮ ಕಾವಲುಗಾರ ಅವರಿಗೆ ಕುರ್ಚಿ ತಂದುಕೊಟ್ಟ. ನಿಮ್ಮ ಕಟ್ಟಡದಲ್ಲಿ ನಾನು ಕಂಡ ಒಬ್ಬನೇ ತಜ್ಞ ಅವನು.

ನಿಮ್ಮ ಕಚೇರಿಗೆ ಮೂರು ಅರ್ಜಿ ಕೊಟ್ಟೆ. ಕಲೆಗೂ ಹಡಗಿನ ಚರಿತ್ರೆಗೂ ಸಂಬಂಧ ಸೂಕ್ಷ್ಮವಾದದ್ದು, ಭಾವುಕತೆ ಬೇಡ ಎಂಬ ಉತ್ತರ ಬಂತು. ಬಡವನ ಕೋಪ ದವಡೆಗೆ ಮೂಲ ಎಂಬುದು ಗೊತ್ತು. ಆದರೂ ಕೋಪ ಬಂದಿದೆ, ಮುಚ್ಚಿಡುವುದಿಲ್ಲ.

ಚಿತ್ರ ಕೊಟ್ಟ ದಿನ ನಿಮ್ಮವರೇ ತೆಗೆದ ಫೋಟೋ ನಿಮ್ಮದೇ ದಾಖಲೆ ಕೋಣೆಯಲ್ಲಿದೆ. ಅದರಲ್ಲಿ ನೀರು ಇದ್ದಲ್ಲೇ ಇದೆ. ಆ ಫೋಟೋವನ್ನು ಚಿತ್ರದ ಪಕ್ಕದಲ್ಲಿ ತೂಗುಹಾಕಿ. ಫಲಕ ಕಿತ್ತು, ತಪ್ಪು ನಮ್ಮದು ಎಂದು ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಸಿ. ನೀರನ್ನು ವಾಪಸ್ಸು ಬಳಿಯಲು ನಿಮ್ಮ ತಜ್ಞರು ಬೇಡ, ನಾನು ಬರುತ್ತೇನೆ. ಆ ಬೆಳಿಗ್ಗೆಯ ನೀರಿನ ಬಣ್ಣ ನನಗೆ ಮರೆತಿಲ್ಲ. ಚಿಕ್ಕಮ್ಮನಿಗೆ ಇನ್ನೊಂದು ಸಲ ಆ ಮೆಟ್ಟಿಲು ಹತ್ತುವ ಶಕ್ತಿ ಇರುವಾಗಲೇ ಇದು ಆಗಬೇಕು.

ಇಂತಿ,
ಆ ಗುರುತನ್ನು ತನ್ನ ಕೈಯಾರೆ ಬರೆದು, ಹಡಗು ಹೊರಟ ದಿನ ಅದನ್ನು ಕಾಣದವಳು