ಬಾಯಿ ಬಿಗಿ ಹಿಡಿದ ಹದಿಮೂರು ದಿನ

ಮಂಗಳವಾರ, ಸಂಜೆ ಐದೂವರೆ

ಪುಟ್ಟಕ್ಕಾ,

ಆರೈಕೆ ಮನೆಯಿಂದ ಈಗ ತಾನೇ ಬಂದೆ. ಕೈ ತೊಳೆದು ಕಾಗದ ಹಿಡಿದು ಕೂತಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಒಳ್ಳೆಯ ಸುದ್ದಿ ಇರಲಿಲ್ಲ. ಇವತ್ತಿನದು ಒಳ್ಳೆಯದೋ ಕೆಟ್ಟದ್ದೋ ನನಗೇ ತಿಳಿಯುತ್ತಿಲ್ಲ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನಿನ್ನಮ್ಮ ಹದಿಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಚಮಚ ತುಟಿಗೆ ತಾಗಿದರೆ ಸಾಕು, ಬಾಯಿ ಬಿಗಿ. ತುಟಿಯ ಸಂದಿಯಲ್ಲಿ ತೊಟ್ಟಿಕ್ಕಿಸಿದ ನೀರು, ಗಂಜಿ ತಿಳಿ, ಇಷ್ಟೇ ಒಳಗೆ ಹೋಗುತ್ತಿದ್ದದ್ದು. ಮಾತು ಹೋಗಿ ವರ್ಷವಾಯಿತಲ್ಲ, ಕೇಳುವುದಾದರೂ ಹೇಗೆ? ಕಳೆದ ವಾರ ಡಾಕ್ಟರು ಬಾಗಿಲಲ್ಲೇ ನಿಂತು ನೋಡಿ, "ಯಜಮಾನ್ರೇ, ಮರೆವಿನ ಕಾಯಿಲೆ ಕೊನೇ ಹಂತಕ್ಕೆ ಬಂದಾಗ ಊಟ ಬಿಟ್ಬಿಡ್ತಾರೆ. ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಎಂದರು. ಗಟ್ಟಿ ಮಾಡಿಕೊಂಡೆ. ಆಸ್ಪತ್ರೆಗೆ ಸಾಗಿಸುವುದು ಬೇಡ, ಇಲ್ಲೇ ಇರಲಿ ಎಂದು ರುಜು ಹಾಕಿಕೊಟ್ಟೆ. ನಿನಗೆ ತಿಳಿಸಲಿಲ್ಲ, ತಪ್ಪಾಯಿತು.

ಇವತ್ತು ಮಧ್ಯಾಹ್ನ ಹೊಸ ನರ್ಸ್ ಬಂದಿದ್ದಳು. ಗಟ್ಟಿ ಗಂಟಲಿನವಳು. ಅಮ್ಮನನ್ನು ಮಗ್ಗುಲಿಗೆ ತಿರುಗಿಸುವಾಗ ಮೂಗು ಸಿಂಡರಿಸಿ, "ತಾತಾ, ಇವರಿಗೆ ಹಲ್ಲಿನ ಸೆಟ್ ಇತ್ತಾ?" ಎಂದಳು.

"ಮೇಲಿನ ನಾಲ್ಕು ಹಲ್ಲಿಂದು ಇತ್ತಮ್ಮ. ಎರಡು ವಾರದ ಹಿಂದೆ ಕಳೆದುಹೋಯ್ತಂತೆ. ಹಾಸಿಗೆ ಬಟ್ಟೆ ಜೊತೆ ಒಗೆಯೋಕೆ ಹೋಗಿರ್ಬೇಕು ಅಂದ್ರು."

"ಒಗೆಯೋಕೆ ಹೋದ ಹಲ್ಲು ಬಾಯಲ್ಲಿ ನಾತ ಹೊಡೆಯುತ್ತಾ ತಾತಾ?"

ಟಾರ್ಚ್ ತಂದಳು. ಹತ್ತು ನಿಮಿಷ ಅಮ್ಮನ ಕೆನ್ನೆ ನೀವುತ್ತಾ, "ಆ... ಅನ್ನು ಅಜ್ಜೀ, ನನ್ನ ಬಂಗಾರ" ಎನ್ನುತ್ತಾ ಕೂತಳು. ಎರಡು ಬೆರಳಷ್ಟು ಬಾಯಿ ತೆರೆಯಿತು. ನಾನೂ ಬಗ್ಗಿ ನೋಡಿದೆ. ನೋಡಬಾರದಿತ್ತು. ಹಲ್ಲಿನ ಸೆಟ್ ಅಲ್ಲೇ ಇತ್ತು, ಓರೆಯಾಗಿ. ಅದರ ತಂತಿಯ ಕೊಕ್ಕೆ ಒಸಡಿನೊಳಗೆ ಹೊಕ್ಕಿತ್ತು. ಸುತ್ತ ಕೀವು.

ಪುಸ್ತಕ ಬೈಂಡ್ ಮಾಡುವಾಗ ಸೂಜಿ ಬೆರಳಿಗೆ ನೆಟ್ಟರೆ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದವನು ನಾನು. ಅವಳು ಇದನ್ನು ಬಾಯಲ್ಲಿಟ್ಟುಕೊಂಡು ಸುಮ್ಮನೆ ಮಲಗಿದ್ದಳು. ಪಕ್ಕದ ಕುರ್ಚಿಯಲ್ಲಿ ದಿನಾ ನಾನು ಕೂತಿದ್ದೆ.

"ಬಾಯಿ ತೊಳೆಸ್ತಾನೇ ಇರ್ಲಿಲ್ವಾ?" ನರ್ಸ್ ಆಯಾಳನ್ನು ತರಾಟೆಗೆ ತೆಗೆದುಕೊಂಡಳು.

"ಬಾಯಿ ಬಿಟ್ರೆ ತಾನೇ ಅಕ್ಕಾ? ಒತ್ತಾಯ ಮಾಡ್ಬೇಡಿ ಅಂತ ಬರೆದಿತ್ತಲ್ಲ."

ಆಯಾ ನನ್ನ ಕಡೆ ನೋಡಿದಳು. ನಾನು ಕಿಟಕಿ ಕಡೆ ನೋಡಿದೆ.

ಮೂರು ಗಂಟೆಗೆ ಹಲ್ಲಿನ ಡಾಕ್ಟರು ಬಂದು, ಮರಗಟ್ಟಿಸುವ ಔಷಧಿ ಕೊಟ್ಟು, ಅದನ್ನು ತೆಗೆದರು. ಮರಗಟ್ಟಿದ್ದು ಇಳಿದ ಮೇಲೆ ನರ್ಸ್ ತಣ್ಣಗಿನ ಹಾಲು ಹಿಡಿದಳು. ಅಮ್ಮ ಎಂಟು ಚಮಚ ಕುಡಿದಳು, ಪುಟ್ಟಕ್ಕಾ. ಒಂಬತ್ತನೆಯದಕ್ಕೆ ತಾನೇ ಬಾಯಿ ತೆರೆದಳು. ಕಾಯಿಲೆ ಇದ್ದಂತೆಯೇ ಇದೆ, ನನ್ನ ಗುರುತೂ ಇಲ್ಲ. ಆದರೆ ಹಸಿವಿತ್ತು. ಅಷ್ಟು ದಿನವೂ ಅವಳಿಗೆ ಹಸಿವಿತ್ತು.

ನೀನೂ ಅಳಿಯಂದಿರೂ ತಣ್ಣಗಿರಿ. ತಾತ ತಲೆ ಸವರಿದ ಎಂದು ಮಕ್ಕಳಿಗೆ ಹೇಳು.

ನಿನ್ನ ಅಪ್ಪ

ಮರೆತದ್ದಲ್ಲ, ಮೇಲೆ ಬರೆಯಲಾಗದೆ ಬಿಟ್ಟದ್ದು: ಅಮ್ಮನ ಮಂಚದ ತಲೆಯ ಹತ್ತಿರ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಇವರ ಸ್ವಭಾವ ಏನು, ಇವರನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂದು ಅಲ್ಲಿಗೆ ಸೇರಿಸುವ ದಿನ ಮನೆಯವರು ಬರೆದುಕೊಡುವುದು. ಅಮ್ಮ ಹೊಲಿಯುವಾಗ ಗುಂಡುಪಿನ್ನು ತುಟಿಯಲ್ಲಿ ಕಚ್ಚಿಕೊಂಡಿರುತ್ತಿದ್ದಳಲ್ಲ, ನನ್ನ ಮೇಲೆ ಮುನಿಸಿಕೊಂಡರೆ ಪಿನ್ನಿಲ್ಲದೆಯೂ ಹಾಗೇ ಕೂರುತ್ತಿದ್ದಳು. ಓದಿದವರು ನಗಲಿ ಎಂದು ಅದನ್ನೇ ಬರೆದೆ. "ಬಾಯಿ ಬಿಗಿ ಹಿಡಿದರೆ ಸಿಟ್ಟು ಬಂದಿದೆ ಅಂತ. ಒತ್ತಾಯ ಮಾಡಬೇಡಿ, ತಾನೇ ಸರಿಹೋಗುತ್ತಾಳೆ." ದುಂಡಗಿನ ಅಕ್ಷರ, ಕೆಳಗೆ ಎರಡು ಗೆರೆ. ಪಾಪ, ಅವರು ಹದಿಮೂರು ದಿನ ನಾನು ಹೇಳಿದ ಹಾಗೆ ನಡೆದುಕೊಂಡರು.

ನರ್ಸ್ ಅದನ್ನು ಕಿತ್ತು, ಹೊಸ ಹಾಳೆ ಕೊಟ್ಟಿದ್ದಾಳೆ. ನಾಳೆ ಹತ್ತು ಗಂಟೆಯೊಳಗೆ ಬರೆದು ಕೊಡಬೇಕು.